ಚೊಗರು ಮೆತ್ತಿದ ಎರಡು ಸ್ಕ್ರೂಗಳು

ನಮ್ಮೂರಿನ ಹನ್ನೊಂದು ಮನೆಗಳಿಗೆ ಸೇರಿದ ಹಳೆಯ ಟ್ರ್ಯಾಕ್ಟರಿನ ಬಲಗಡೆಯ ಬ್ರೇಕು ಹಿಡಿಯುವುದಿಲ್ಲವೆಂದು ನನಗೆ ತಿಳಿದದ್ದು, ನಾಟಿಗೆ ಹೊರಟ ಆರು ಮಂದಿ ಹೆಂಗಸರೊಡನೆ ನಾನೂ ಅದರ ಟ್ರೇಲರಿನಲ್ಲಿ ಕುಳಿತ ದಿನ. ಗದ್ದೆಬಯಲಿನ ಇಳಿಜಾರಿನಲ್ಲಿ ಚಾಲಕರು ಹಿಂತಿರುಗಿ ನೋಡದೆಯೇ "ಹೋಯ್!" ಎಂದು ಕೂಗಿದರು. ತಂಡದ ಹಿರಿಯಾಕೆ, ಐವತ್ತು ದಾಟಿದವರು, ಚಲಿಸುತ್ತಿದ್ದ ಟ್ರೇಲರಿನಿಂದ ಕಲ್ಲಿನ ಸಮೇತ ಧುಮುಕಿ ಅದನ್ನು ಗಾಲಿಗೆ ಅಡ್ಡ ಇಟ್ಟರು. ಗಾಡಿ ನಿಂತಿತು. ಯಾರೂ ಬೆಚ್ಚಲಿಲ್ಲ. ನನ್ನನ್ನು ಕೆರಳಿಸಿದ್ದು ಆ ನಿರಾಳತೆ.

"ಎಷ್ಟು ದಿನದಿಂದ ಹೀಗೆ?" ಎಂದು ಕೇಳಿದೆ.

"ಎಂತ ದಿನ ಮಾರಾಯ್ರೆ! ಎರಡು ಮಳೆಗಾಲ ಆಯ್ತು. ಕಲ್ಲಿಡ್ತಾರಲ್ಲ, ಸಾಕು," ಎಂದರು ಚಾಲಕರು.

ಎದುರಾಳಿಯ ವಾದದಲ್ಲಿ ಅತ್ಯಂತ ದುರ್ಬಲವಾದ ಪದವನ್ನು ಹುಡುಕಿ ಹಿಡಿಯುವುದನ್ನು ಕಾಲೇಜಿನ ಚರ್ಚಾಸ್ಪರ್ಧೆಗಳು ನನಗೆ ಕಲಿಸಿದ್ದವು. ಇಲ್ಲಿ ಹುಡುಕುವ ಶ್ರಮವೂ ಬೇಕಾಗಲಿಲ್ಲ. ಸಾಕು! ಯಾರಿಗೆ ಸಾಕು? ಸ್ಟಿಯರಿಂಗ್ ಹಿಡಿದವನಿಗೆ ಸಾಕು; ಧುಮುಕುವವಳ ಮೊಣಕಾಲಿಗೆ ಸಾಕೇ? ಟ್ರೇಲರಿನಲ್ಲಿ ಜನರನ್ನು ಕೂರಿಸುವುದೇ ತಪ್ಪೆಂದು ನಾನು ಬಲ್ಲೆ. ಬಸ್ಸೇ ಬಾರದ ದಾರಿಯೆಂಬ ನೆವವನ್ನು ಒಪ್ಪಿಕೊಂಡು ಆ ತಪ್ಪನ್ನು ಸಹಿಸಿದವರಿಗೆ, ಬ್ರೇಕನ್ನೂ ಕೈಬಿಡುವ ಹಕ್ಕು ಎಲ್ಲಿಂದ ಬಂತು?

ಅಂದೇ ಮಧ್ಯಾಹ್ನ ಚಾಲಕರ ಮನೆಯಂಗಳದಲ್ಲಿ ಜಾಕು ಕೊಟ್ಟು ಗಾಲಿ ಬಿಚ್ಚಿಸಿದೆ. ಬ್ರೇಕ್ ಡ್ರಮ್ಮಿನ ಮುಖದಲ್ಲಿ ಎರಡು ಸ್ಕ್ರೂಗಳು. ಅವುಗಳನ್ನು ತೆಗೆಯದೆ ಡ್ರಮ್ಮು ಹೊರಬರುವುದಿಲ್ಲ. ಎರಡರ ತಲೆಯನ್ನೂ ಯಾರೋ ಉಳಿಯಿಂದ ಹೊಡೆದು ಹಾಳುಗೆಡವಿದ್ದರು. ಅವುಗಳ ಮೇಲೆ ಕೆಂಪುಕಪ್ಪು ಹಕ್ಕಳೆಯೊಂದು ಕಲ್ಲಿನಂತೆ ಕೂತಿತ್ತು.

"ಸಡಿಲಾಗಿ ಉದುರ್ತಿದ್ವು. ನಾನೇ ಚೊಗರು ಮೆತ್ತಿ ಕೂರ್ಸಿದ್ದು. ಯಾವ ಅಂಟೂ ಅದರ ಮುಂದೆ ಇಲ್ಲ ನೋಡಿ!" ಚಾಲಕರ ಮುಖದಲ್ಲಿ ಹೆಮ್ಮೆಯಿತ್ತು.

ಅಡಿಕೆ ಬೇಯಿಸಿದ ನೀರು ಬತ್ತಿ ಉಳಿಯುವ ಗಸಿಯೇ ಚೊಗರು. ಅದನ್ನು ಅಡಿಕೆಗೆ ಬಣ್ಣ ಕೊಡಲು ಬಳಸುತ್ತಾರೆ. ಸ್ಕ್ರೂ ಹಿಡಿಸಲು ಬಳಸಿದವರನ್ನು ನಾನು ಕಂಡದ್ದು ಅದೇ ಮೊದಲು.

"ಬಿಚ್ಚೋಕೆ ಬರದ ಮೇಲೆ ಒಳಗಿನದ್ದನ್ನು ನೋಡಿದ್ದು ಹೇಗೆ?"

"ನೋಡೋದೆಂತಕ್ಕೆ? ಹೊರಗಿಂದ ಬ್ರೇಕಿನ ರಾಡು ಬಿಗಿ ಮಾಡ್ತಿದ್ದೆ. ಆ ಸ್ಕ್ರೂ ಇಲ್ದಿದ್ರೂ ಡ್ರಮ್ಮು ಎಲ್ಲಿಗೂ ಹೋಗಲ್ಲ, ಗಾಲಿ ನಟ್ಟು ಹಿಡ್ಕೊಂಡಿರ್ತದೆ."

ಅದು ನಿಜ, ಮತ್ತು ಆ ನಿಜವೇ ನನ್ನ ಸಿಟ್ಟನ್ನು ಇಮ್ಮಡಿಗೊಳಿಸಿತು. ಡ್ರಮ್ಮು ಎಲ್ಲಿಗೂ ಹೋಗುವುದಿಲ್ಲ. ಆದರೆ ಒಳಗೆ ಏನು ಸವೆಯುತ್ತಿದೆಯೆಂದು ನೋಡುವ ಬಾಗಿಲನ್ನೇ ಈ ಮನುಷ್ಯ ಮುಚ್ಚಿಬಿಟ್ಟಿದ್ದರು. ಉಳಿ ಹಿಡಿದು ಸುತ್ತಿಗೆಯಿಂದ ಬಡಿದೆ. ಉಳಿ ಜಾರಿ ನನ್ನ ಬೆರಳ ಗೆಣ್ಣು ಸುಲಿಯಿತು, ಸ್ಕ್ರೂ ಕದಲಲಿಲ್ಲ.

ಸಂಜೆ ಗದ್ದೆಯಿಂದ ನಡೆದೇ ಮರಳುತ್ತಿದ್ದ ಹೆಂಗಸರು ಅಂಗಳದ ಬಳಿ ನಿಂತರು. ಹಿರಿಯಾಕೆ ಬಗ್ಗಿ ನೋಡಿ ನಕ್ಕರು. "ಚೊಗರಿಗೆ ಸುತ್ತಿಗೆ ಎಂತಕ್ಕೆ ಮಾರಾಯ್ರೆ? ಹಂಡೆಗೆ ಹತ್ತಿದ್ದನ್ನ ವರ್ಷಾ ನಾವು ಬಿಡ್ಸಲ್ವಾ? ನೀರು ಕಾಸಿ ಹೊಯ್ರಿ, ಹೊಯ್ತಾ ಇರ್ರಿ."

ಮೂರು ಚೊಂಬು ಕುದಿನೀರು ಹೊಯ್ದ ಮೇಲೆ ಕೆಂಪು ನೀರು ಇಳಿಯತೊಡಗಿತು. ಒಂದು ಸ್ಕ್ರೂ ದಪ್ಪ ಸ್ಕ್ರೂಡ್ರೈವರಿಗೆ ತಿರುಗಿತು. ಇನ್ನೊಂದರ ತಲೆಯಂಚಿಗೆ ಉಳಿ ಕೊಟ್ಟು, ಮೆಲ್ಲಗೆ ತಟ್ಟಿ ತಿರುಗಿಸಬೇಕಾಯಿತು. ಡ್ರಮ್ಮು ಹೊರಬಂದಾಗ ಒಳಗೆ ಡ್ರಮ್ಮನ್ನು ಉಜ್ಜಿ ಹಿಡಿಯಬೇಕಾದ ಲೈನಿಂಗ್ ಪಟ್ಟಿ ಎಂಬುದೇ ಇರಲಿಲ್ಲ. ಬರಿಯ ರಿವೆಟ್ಟುಗಳು ಕಬ್ಬಿಣವನ್ನು ಉಜ್ಜಿ ಗೀರು ಕೊರೆದಿದ್ದವು. ಚಾಲಕರು ಗೀರಿನ ಮೇಲೆ ಬೆರಳಾಡಿಸಿದರು.

ಆ ಗೀರುಗಳನ್ನು ನೋಡಿದ ನನಗೆ ಇತರರ ಮೇಲಿನ ಸಿಟ್ಟು ಸಾಲದಾಯಿತು. ಟ್ರ್ಯಾಕ್ಟರ್ ಸಂಘದ ಕಾರ್ಯದರ್ಶಿಯಾಗಿ, ಎರಡು ವರ್ಷವೂ ತಪಾಸಣೆ ಪುಸ್ತಕದಲ್ಲಿ "ಬ್ರೇಕು ಸರಿಯಿದೆ" ಎಂದು ರುಜು ಹಾಕಿದವನು ನಾನೇ. ಚಾಲಕರ ಮಾತನ್ನೇ ಪ್ರಮಾಣವೆಂದು ಸ್ವೀಕರಿಸಿದ್ದೆ. ಹಿರಿಯಾಕೆಗೆ ಅದನ್ನು ಅಲ್ಲೇ ಹೇಳಿದೆ. ಅವರು ನಗಲಿಲ್ಲ.

ಸಾಗರ ಪೇಟೆಯಲ್ಲಿ ಡ್ರಮ್ಮನ್ನು ಲೇತಿಗೆ ಕೊಟ್ಟು ಗೀರು ತೆಗೆಸಿ, ಎರಡೂ ಬದಿಗೆ ಹೊಸ ಲೈನಿಂಗ್ ಹಾಕಿಸಲು ಮೂರು ದಿನ ಹಿಡಿಯಿತು. ನಾಟಿ ತಡವಾಯಿತೆಂದು ಹನ್ನೊಂದು ಮನೆಗಳೂ ನನ್ನನ್ನು ಬೈದವು. ನಾಲ್ಕನೆಯ ಬೆಳಿಗ್ಗೆ ಸ್ಕ್ರೂ ತೂತುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಸ್ಕ್ರೂಗಳನ್ನು ಅವುಗಳ ತಲೆ ಡ್ರಮ್ಮಿನ ಮುಖಕ್ಕೆ ಸಮನಾಗಿ ಕೂರುವವರೆಗೆ ಬಿಗಿದೆ. ತಲೆ ಮೇಲೆದ್ದರೆ ಗಾಲಿ ಓರೆಯಾಗಿ ಕೂರುತ್ತದೆ. ಡ್ರಮ್ಮನ್ನು ಕೈಯಲ್ಲಿ ತಿರುಗಿಸಿ ನೋಡಿ, ಗಾಲಿ ಏರಿಸಿ, ನಟ್ಟುಗಳನ್ನು ಬಿಗಿದು, "ಹತ್ತಿ" ಎಂದೆ.

ಹೆಂಗಸರು ಕದಲಲಿಲ್ಲ.

"ರುಜು ಹಾಕಿದ್ದು ನೀವೇ ಅಲ್ದಾ? ಹಂಗಾರೆ ಮೊದ್ಲು ನೀವೊಬ್ರೇ ಕೂತು ಇಳೀರಿ," ಎಂದರು ಹಿರಿಯಾಕೆ.

ಸ್ಪ್ಯಾನರನ್ನು ಕೆಳಗಿಟ್ಟೆ. ಖಾಲಿ ಟ್ರೇಲರಿನಲ್ಲಿ ಕುಳಿತೆ. "ಕಾರ್ಯದರ್ಶಿಗಳೇ, ಗಟ್ಟಿ ಹಿಡ್ಕೊಳಿ," ಎಂದು ಚಾಲಕರು ಕುಟುಕಿ ಗಾಡಿ ಬಿಟ್ಟರು. ಇಳಿಜಾರಿನ ನಡುವೆ ಬ್ರೇಕು ಒತ್ತಿದರು. ಟ್ರ್ಯಾಕ್ಟರ್ ಕೆಸರಿನಲ್ಲಿ ಮೊಳದಷ್ಟೂ ಜಾರದೆ ನಿಂತಿತು. ನಾನು ಮೇಲೆ ನೋಡಿದೆ. ದಿಬ್ಬದ ತುದಿಯಲ್ಲಿ ಆರು ಮಂದಿಯೂ ಸಾಲಾಗಿ ನಿಂತಿದ್ದರು.

"ಇನ್ನೊಂದ್ಸಲ!" ಎಂದು ಹಿರಿಯಾಕೆ ಕೂಗಿದರು.

ನಾವು ಮತ್ತೆ ದಿಬ್ಬ ಹತ್ತಿದೆವು.