ಎಲ್ಲೂ ಒತ್ತದ ಬೂಟು

ಚಳ್ಳಕೆರೆಯಲ್ಲಿ ಬೂಟು ಹಾಕುವಂಥ ಚಳಿ ಎಲ್ಲಿದೆ ಎಂದು ನಗುವವರು ಬೆಳಿಗ್ಗೆ ಏಳು ಗಂಟೆಗೆ ಉಳ್ಳಾರ್ತಿ ಕಾವಲಿನ ಪಕ್ಕ ಸ್ಕೂಟರ್ ಓಡಿಸಿದವರಲ್ಲ. ಮಧ್ಯಾಹ್ನ ಬೆವರು ಸುರಿಯುತ್ತದೆ, ಒಪ್ಪುತ್ತೇನೆ. ಆದರೆ ಪುಷ್ಯ ಮಾಸದ ಬೆಳಗಿನ ಗಾಳಿಗೆ ಅಡ್ಡ ನಿಲ್ಲಲು ಆ ಹುಲ್ಲುಬಯಲಿನಲ್ಲಿ ಒಂದು ಮರವಿಲ್ಲ. ಕುದಾಪುರದ ಕಡೆ ಈಗ ಉದ್ದಕ್ಕೂ ಕಾಂಪೌಂಡು ಗೋಡೆ ಎದ್ದಿದೆ. ಗಾಳಿ ಗೋಡೆಯನ್ನೂ ಹತ್ತಿ ಇಳಿದು ನೇರ ನನ್ನ ಪ್ಯಾಂಟಿನ ಕಾಲೊಳಗೇ ನುಗ್ಗುತ್ತಿತ್ತು. ಚಪ್ಪಲಿ ಮೆಟ್ಟಿದ ಕಾಲು ಮೊದಲು ಕೆಂಪಾಗಿ, ಆಮೇಲೆ ಬೂದಿ ಬಣ್ಣಕ್ಕೆ ತಿರುಗಿ, ಸಂಕ್ರಾಂತಿಯ ಹೊತ್ತಿಗೆ ಹಿಮ್ಮಡಿ ಒಣಗಿದ ಕೆರೆಯಂಗಳದಂತೆ ಬಿರಿದಿರುತ್ತಿತ್ತು.

ನಾನು ದನದ ಆಸ್ಪತ್ರೆಯವಳು. ಡಾಕ್ಟರಲ್ಲ, ಡಾಕ್ಟರ ಕೈಕೆಳಗಿನ ಪರೀಕ್ಷಕಿ. ಮನೆ ಚಳ್ಳಕೆರೆಯಲ್ಲಿ. ಕೆಲವು ದಿನ ಕಾವಲಿನ ಅಂಚಿನ ಹಳ್ಳಿಗಳು, ಕೆಲವು ದಿನ ಮೊಳಕಾಲ್ಮುರು ಕಡೆಯ ಹಟ್ಟಿಗಳು. ಕಾಲುಬಾಯಿ ಜ್ವರದ ಲಸಿಕೆ ಶುರುವಾಯಿತೆಂದರೆ ಐಸು ತುಂಬಿದ ಡಬ್ಬಿ ಹೆಗಲಿಗೆ ಹಾಕಿಕೊಂಡು ಹಟ್ಟಿಯಿಂದ ಹಟ್ಟಿಗೆ ನಡೆಯುವುದೇ ನನ್ನ ನೌಕರಿ. ನಡೆಯಲಾರೆ ಎಂದ ದಿನ ಜಿಲ್ಲಾ ಕಚೇರಿಯಲ್ಲಿ ಕಡತಗಳ ಮುಂದೆ ಕೂರಿಸುತ್ತಾರೆ. ಕಡತ ನೋಡಿದರೆ ನನಗೆ ಆಕಳಿಕೆ ಬರುತ್ತದೆ. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ನನಗೆ ಸಕ್ಕರೆ ಕಾಯಿಲೆ. ಮೂರು ವರ್ಷದ ಹಿಂದೆ, ಅದಕ್ಕೆ ನಾನು ತೋರಿಸಿಕೊಳ್ಳುವ ಡಾಕ್ಟರು, "ಚಳಿಗಾಲದಲ್ಲಿ ಚಪ್ಪಲಿ ಬಿಡಿ, ಮುಚ್ಚಿದ ಬೂಟು ಹಾಕ್ಕೊಳ್ಳಿ. ಬರಿಗಾಲಲ್ಲಂತೂ ಓಡಾಡಲೇಬೇಡಿ. ಒಂದು ಗಾಯ ಆದ್ರೆ ಸಾಕು" ಎಂದಿದ್ದರು. ಯಾವುದಕ್ಕೆ ಸಾಕು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮ ಓಣಿಯಲ್ಲೇ ಒಬ್ಬರು ಇದೇ ಕಾಯಿಲೆಗೆ ಮೊಣಕಾಲಿನವರೆಗೆ ಕಾಲು ಕೊಟ್ಟು, ಜಗಲಿಯ ಮೇಲೆ ಕೂತು ಹೋಗಿಬರುವವರನ್ನು ಮಾತಾಡಿಸುತ್ತಾರೆ. ಅವರ ಮನೆ ಮುಂದೆ ಹಾಯುವಾಗ ನಾನು ಸ್ಕೂಟರಿನ ವೇಗ ಹೆಚ್ಚಿಸುತ್ತೇನೆ.

ಹೀಗೆ ಬೂಟು ಹುಡುಕುವ ಕೆಲಸ ಗಂಟುಬಿತ್ತು. ಸೀರೆ ಬಿಟ್ಟು ಪ್ಯಾಂಟಿಗೆ ಬಂದಾಗಲೇ ಕಚೇರಿಯಲ್ಲಿ ಸಾಕಷ್ಟು ಮಾತು ಕೇಳಿದ್ದೆ. ಕರು ಸೆರಗು ಜಗಿದದ್ದು, ಎಮ್ಮೆಯ ಕೊಂಬಿಗೆ ನೆರಿಗೆ ಸಿಕ್ಕಿದ್ದು ಅವರಿಗೇನು ಗೊತ್ತು? ಈಗ ಆ ಪ್ಯಾಂಟಿನ ಕೆಳಗೆ ಹೊಂದುವ, ಹರಡು ಮುಚ್ಚುವಷ್ಟೇ ಎತ್ತರದ, ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ಆಗುವ, ಸಗಣಿ ಮೆಟ್ಟಿದರೂ ತೊಳೆಯಬಹುದಾದ, ಮೀಟಿಂಗಿಗೆ ಹೋದರೆ ಪೊಲೀಸಿನವಳಂತೆ ಕಾಣಿಸದ ಬೂಟು ಬೇಕಿತ್ತು. ಇದಿಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಅದು ಬಾಗಿಲಲ್ಲಿ ಸರಕ್ಕನೆ ಬಿಚ್ಚಲು ಬರಬೇಕು. ಮೊಳಕಾಲ್ಮುರು ಕಡೆಯ ಹಟ್ಟಿಗಳಲ್ಲಿ ದನದ ರೊಪ್ಪದೊಳಗೆ, ಅಂದರೆ ಮುಳ್ಳುಬೇಲಿ ಕಟ್ಟಿದ ಕೊಟ್ಟಿಗೆಯೊಳಗೆ, ಮೆಟ್ಟು ಹಾಕಿಕೊಂಡು ಹೋಗುವಂತಿಲ್ಲ. ಕೆಲವು ದನಗಳನ್ನು ದೇವರಿಗೆ ಬಿಟ್ಟಿರುತ್ತಾರೆ. ವಾದ ಮಾಡೋಣವೆಂದರೆ, ಕಾಲುಬಾಯಿ ಜ್ವರ ಮೆಟ್ಟಿನಿಂದಲೂ ಹರಡುತ್ತದೆ ಎಂದು ಊರೂರಿನ ಕಟ್ಟೆಯ ಮೇಲೆ ಭಾಷಣ ಬಿಗಿದವಳು ನಾನೇ.

ಮೆಟ್ಟಿನ ವಿಷಯದಲ್ಲಿ ಆ ಕಡೆ ನನಗೆ ಒಂದು ಅಡ್ಡಹೆಸರೇ ಇದೆ. ನಾನು ದಾವಣಗೆರೆ ಸೀಮೆಯವಳು, ಅಲ್ಲಿಯವರ ಮನೆಮಾತಾದ ತೆಲುಗು ಬಾರದು. ಮೊದಲ ಸಲ ಆ ಹಟ್ಟಿಗಳಿಗೆ ಹೋದಾಗ ಒಂದು ರೊಪ್ಪದ ಮುಂದೆ ಕೂತಿದ್ದ ಅಜ್ಜಿ, "ಎಕ್ಕಡಮ್ಮಾ?" ಎಂದಳು. ನಮ್ಮಲ್ಲಿ ಎಕ್ಕಡ ಎಂದರೆ ಚಪ್ಪಲಿ. ಬಂದ ಕೂಡಲೇ ಚಪ್ಪಲಿಯ ಮಾತೆತ್ತಿದಳಲ್ಲ ಎಂದು ಹೆದರಿ, ಎರಡನ್ನೂ ಕಳಚಿ ಕೈಯಲ್ಲಿ ಹಿಡಿದುಕೊಂಡೆ. ಅಜ್ಜಿ ಬಿದ್ದು ಬಿದ್ದು ನಕ್ಕಳು.

"ಎಲ್ಲಿಗೆ ಹೊಂಟೆ ಅಂದೆ ಕಣಮ್ಮ, ಮೆಟ್ಟು ಬಿಚ್ಚು ಅಂದ್ನಾ?"

ತೆಲುಗಿನಲ್ಲಿ ಎಕ್ಕಡ ಎಂದರೆ ಎಲ್ಲಿ, ಎಲ್ಲಿಗೆ. ಆ ದಿನದಿಂದ ನಾನು ಅಲ್ಲಿ 'ಎಕ್ಕಡ ಮೇಡಮ್ಮ'.

ಚಳ್ಳಕೆರೆ ಪೇಟೆಯಲ್ಲಿ ನನಗೆ ಗೊತ್ತಿದ್ದ ಚಪ್ಪಲಿ ಅಂಗಡಿ ಒಂದೇ. ಅಂಗಡಿಯ ಸಾಬರು ವಯಸ್ಸಾದವರು, ಮೃದು ಮಾತಿನವರು. ಮೇಲಿನ ಹಲಗೆಯ ಡಬ್ಬಿ ತೆಗೆಯಲು ಈಗಲೂ ತಾವೇ ಏಣಿ ಹತ್ತುತ್ತಾರೆ. ಮೊದಲ ಚಳಿಗಾಲ ಹೋಗಿ ಕೇಳಿದಾಗ, "ಲೇಡೀಸ್ ಬೂಟಾ?" ಎಂದು ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಮಿಣಮಿಣ ಹರಳಿನ ಮದುವೆ ಚಪ್ಪಲಿ ಗೋಡೆ ತುಂಬ ಇತ್ತು. ಗಂಡಸರ ಬೂಟಿನಲ್ಲಿ ಅತಿ ಸಣ್ಣದನ್ನು ಹುಡುಕಿ ಕೊಟ್ಟರು. ಅದಕ್ಕೆ ಮಾರುದ್ದ ಲೇಸು. ಹಾಕಿ ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಕಿರುಬೆರಳು ಬೆಂಕಿಯಾಯಿತು. ಆದರೂ ಹಟಕ್ಕೆ ಬಿದ್ದು ಕೊಂಡೆ. ರೊಪ್ಪದ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಲೇಸು ಬಿಚ್ಚಿ, ಮತ್ತೆ ಕಟ್ಟಿ, ಹತ್ತು ಮನೆ ಮುಗಿಯುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತಿತ್ತು. ಒಂದೇ ವಾರಕ್ಕೆ ಅದನ್ನು ಅಟ್ಟಕ್ಕೆ ಎಸೆದೆ.

ಆಮೇಲೆ ನಾದಿನಿ ದಾವಣಗೆರೆಯಿಂದ ಒಂದು ಜೊತೆ ತಂದಳು. ನೋಡಲು ಚೆಂದ, ಆದರೆ ಎರಡಿಂಚು ಹಿಮ್ಮಡಿ. ಎಮ್ಮೆಯ ಹಿಂದೆ ಅದನ್ನು ಹಾಕಿಕೊಂಡು ನಿಂತವಳು ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು. ಮೊಬೈಲಿನಲ್ಲಿ ತರಿಸಿದ್ದು ಫೋಟೊದಲ್ಲಿ ಬೂಟು, ಕೈಗೆ ಬಂದಾಗ ಗೊಂಬೆಯ ಬೂಟು. ವಾಪಸು ಕಳಿಸಿದೆ, ಇನ್ನೊಂದು ತರಿಸಿದೆ, ಅದನ್ನೂ ವಾಪಸು ಕಳಿಸಿದೆ. ಎರಡನೆಯ ಚಳಿಗಾಲದ ಕೊನೆಗೆ ಸಾಬರು ಫೋನು ಮಾಡಿ, ಹೊಸ ಮಾಲು ಬಂದಿದೆ ಎಂದು ಕರೆದರು. ಕಂದು ಬಣ್ಣದ್ದು, ಪಕ್ಕದಲ್ಲಿ ಜಿಪ್ಪು, ತಗ್ಗಿನ ಹಿಮ್ಮಡಿ. ನಾನು ಬಯಸಿದ್ದೆಲ್ಲ ಅದರಲ್ಲಿತ್ತು. ಆದರೆ ಎಡಗಾಲಿನ ಕಿರುಬೆರಳಿಗೆ ಒತ್ತಿತು. ದೊಡ್ಡ ನಂಬರು ಬಂದಿರಲಿಲ್ಲ. ಬಿಟ್ಟು ಬಂದೆ. ಬರೀ ಒಂದು ಬೂಟಿಗೆ ಇಷ್ಟು ದಣಿಯಬಹುದೆಂದು ನನಗೆ ಗೊತ್ತಿರಲಿಲ್ಲ. ಊಟಕ್ಕೆ ಕೂತರೂ ಬೂಟು, ಬಸ್ಸಿನಲ್ಲಿ ಯಾರ ಕಾಲು ನೋಡಿದರೂ ಬೂಟು.

ಮೂರನೆಯ ಚಳಿಗಾಲ, ಅಂದರೆ ಹೋದ ವರ್ಷ, ಬೇರೆ ದಾರಿ ಕಾಣದೆ ಮತ್ತೆ ಅಲ್ಲಿಗೇ ಹೋದೆ. ಸಾಬರು ಅದೇ ಕಂದು ಬೂಟು ತೆಗೆದರು. ದೊಡ್ಡ ನಂಬರು ಆಗಲೂ ಇರಲಿಲ್ಲ. ಸುಮ್ಮನೆ ಇನ್ನೊಮ್ಮೆ ಹಾಕಿ ನೋಡಿದೆ. ಸಾಬರು ಹೆಬ್ಬೆರಳಿನಿಂದ ಬೂಟಿನ ಮುಂಭಾಗ ಒತ್ತಿ ಕೇಳಿದರು.

"ಎಲ್ಲಾದ್ರೂ ಒತ್ತುತ್ತಾ ಮೇಡಂ?"

ನಾನು ಅಂಗಡಿಯ ಆ ತುದಿಯಿಂದ ಈ ತುದಿಗೆ ನಡೆದೆ. ಇಲ್ಲ. ಎಲ್ಲೂ ಒತ್ತಲಿಲ್ಲ. ಪ್ಯಾಂಟು ಬೂಟಿನ ಮೇಲೆ ನೀಟಾಗಿ ಕೂತಿತ್ತು. ಕನ್ನಡಿಯಲ್ಲಿ ನನ್ನ ಕಾಲು ನೋಡಿ ನನಗೇ ಮೆಚ್ಚುಗೆಯಾಯಿತು.

"ಅಜೀಬ್ ಐತೆ ನೋಡ್ರಿ. ಹೋದ ವರ್ಷ ಇದೇ ಜೋಡಿ, ಇದೇ ನಂಬರು. ಒತ್ತುತ್ತೆ ಅಂತ ಬಿಟ್ ಹೋದ್ರಲ್ಲ?" ಎಂದರು ಸಾಬರು.

"ಇಟ್ಟು ಇಟ್ಟು ಚರ್ಮ ಮೆತ್ತಗಾಗಿರ್ಬೇಕು" ಎಂದೆ. ಅವರು ತಲೆಯಾಡಿಸಿದರು. ವ್ಯಾಪಾರ ಮುಗಿಯಿತು.

ಆ ತಿಂಗಳು ನಾನು ಎಷ್ಟು ಸುಖವಾಗಿದ್ದೆ ಎಂದು ಹೇಳಿದರೆ ನಗು ಬರುತ್ತದೆ. ಕಾವಲಿನ ಗಾಳಿ ಹೊರಗೇ ಉಳಿಯಿತು. ಬಟ್ಟೆಗೆ ಚುಚ್ಚಿಕೊಳ್ಳುವ ಹುಲ್ಲಿನ ಮುಳ್ಳೂ ಕಾಲಿನವರೆಗೆ ಬರಲಿಲ್ಲ. ರೊಪ್ಪದ ಬಾಗಿಲಲ್ಲಿ ಜಿಪ್ಪು ಎಳೆದು ಬೂಟು ಬಿಟ್ಟು, ಚೀಲದಲ್ಲಿದ್ದ ಇನ್ನೊಂದು ಜೊತೆ ದಪ್ಪ ಕಾಲುಚೀಲವನ್ನು ಹಾಕಿದ್ದರ ಮೇಲೇ ಎಳೆದುಕೊಂಡು ಒಳಗೆ ಹೋಗುತ್ತಿದ್ದೆ. ಬರಿಗಾಲು ಬೇಡ ಎಂಬ ಡಾಕ್ಟರ ಮಾತು, ಮೆಟ್ಟು ಬೇಡ ಎಂಬ ಹಟ್ಟಿಯ ಮಾತು, ಎರಡನ್ನೂ ಉಳಿಸುವ ಉಪಾಯ ಕಂಡುಕೊಂಡೆನೆಂದು ಹೆಮ್ಮೆ. ಕಚೇರಿಯಲ್ಲಿ ಕೇಳಿದವರಿಗೆಲ್ಲ, "ಹಾಕಿದ್ದೇ ಗೊತ್ತಾಗಲ್ಲ, ಅಷ್ಟು ಆರಾಮ" ಎನ್ನುತ್ತಿದ್ದೆ. ಸಂಜೆ ಕಾಲು ನೋಡಿಕೊಳ್ಳುವ ಅಭ್ಯಾಸವನ್ನೂ ಬಿಟ್ಟೆ. ನೋವೇ ಇಲ್ಲದ ಮೇಲೆ ನೋಡುವುದೇನು?

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅದೇ ಅಜ್ಜಿಯ ರೊಪ್ಪಕ್ಕೆ ಹೋದೆ. ಹೆಗಲಲ್ಲಿ ಡಬ್ಬಿ, ಇನ್ನೂ ನಲವತ್ತು ದನ ಬಾಕಿ. ಆತುರದಲ್ಲಿ ಎರಡನೆಯ ಕಾಲುಚೀಲ ಹಾಕಿಕೊಳ್ಳದೆ, ಬೂಟು ಬಿಟ್ಟು ಬಾಗಿಲ ಚಪ್ಪಡಿಗಳ ಮೇಲೆ ನಡೆದು ಒಳಗೆ ಹೋದೆ. ಹಿಂದಿನಿಂದ ಅಜ್ಜಿಯ ಕೂಗು.

"ಎಕ್ಕಡ? ಎಕ್ಕಡ ಮೇಡಮ್ಮಾ?"

ಹಳೆಯ ಹಾಸ್ಯ ಶುರು ಮಾಡಿದಳು ಎಂದುಕೊಂಡೆ. "ಬಾಗಿಲಲ್ಲೇ ಬಿಟ್ಟಿದೀನಿ ಕಣಜ್ಜಿ" ಎಂದೆ, ತಿರುಗಿ ನೋಡದೆ.

"ಮೆಟ್ಟಲ್ಲ ತಾಯಿ! ನೊಪ್ಪಿ ಎಕ್ಕಡ? ನೋವು ಎಲ್ಲೈತೆ?"

"ನೋವಾ? ನಂಗೆಲ್ಲಿ ನೋವು?"

ಅಜ್ಜಿ ಚಪ್ಪಡಿ ತೋರಿಸಿದಳು. ನಾನು ಎಡಗಾಲು ಇಟ್ಟಲ್ಲೆಲ್ಲ ಒಂದೊಂದು ಕೆಂಪು ಗುರುತು. ಅವಳೇ ನನ್ನನ್ನು ಕಲ್ಲಿನ ಮೇಲೆ ಕೂರಿಸಿ ಕಪ್ಪು ಕಾಲುಚೀಲ ಕಳಚಿದಳು. ಕಿರುಬೆರಳಿನ ಪಕ್ಕ ಚರ್ಮ ಸವೆದು ಹೋಗಿತ್ತು. ಅಂಗಾಲಿನಲ್ಲಿ ತೂತು. ಬೂಟು ತಿರುಗಿಸಿ ನೋಡಿದರೆ ಬಳ್ಳಾರಿ ಜಾಲಿಯ ಮುಳ್ಳೊಂದು ತಳದಿಂದ ಹೊಕ್ಕು ಒಳಗೆ ಬೆರಳಿನ ಗೆಣ್ಣಿನಷ್ಟು ಎದ್ದು ನಿಂತಿತ್ತು. ಅದರ ಸುತ್ತ ಹಸಿ ರಕ್ತ. ಹಸಿಯ ಕೆಳಗೆ ಒಣಗಿ ಕಪ್ಪಾದದ್ದು.

"ಇವತ್ತಿಂದಲ್ಲ ಇದು" ಎಂದಳು ಅಜ್ಜಿ. ಕೊಡದ ನೀರು ಸುರಿದು ಕಾಲು ತೊಳೆಯುತ್ತ ಬೈದಳು. "ದನದ ಕಾಲು ಎತ್ತೆತ್ತಿ ನೋಡ್ತೀಯ. ನಿನ್ ಕಾಲು ನೋಡ್ಕಣಾದು ಬ್ಯಾಡ್ವಾ?"

ಕಾಲಿಗೆ ಬಟ್ಟೆ ಕಟ್ಟಿ, ಅವಳ ರೊಪ್ಪದ ದನಗಳನ್ನಷ್ಟೇ ಮುಗಿಸಿದೆ. ಹಸುಗಳು ಒಂದೊಂದಾಗಿ ಬಾಗಿಲಿಗೆ ಬಂದವು, ನಾನು ಕಲ್ಲಿನ ಮೇಲೆ ನಿಂತೇ ಚುಚ್ಚಿದೆ. ಸೂಜಿಯ ಮೊನೆ ತಾಗಿದ್ದೇ ಅಷ್ಟು ದೊಡ್ಡ ಮೈ ಅದುರುತ್ತದೆ, ಕಾಲು ಝಾಡಿಸುತ್ತದೆ, ಕಣ್ಣು ಹೊರಳಿಸಿ ನನ್ನನ್ನು ಶಪಿಸುತ್ತದೆ. ಇಪ್ಪತ್ತೈದು ವರ್ಷ ಆ ಒದೆತ ತಪ್ಪಿಸಿಕೊಂಡು ಬಂದವಳು ನಾನು. ಅವತ್ತು ಆ ಹಸುಗಳನ್ನು ನೋಡಿ ಹೊಟ್ಟೆಕಿಚ್ಚಾಯಿತು.

ಅಲ್ಲಿಂದ ನೇರ ನನ್ನ ಡಾಕ್ಟರ ಬಳಿ ಹೋದೆ. ಅವರು ಗಾಯ ಶುಚಿ ಮಾಡಿ, ನನ್ನನ್ನು ಮಲಗಿಸಿ, "ಕಣ್ಣು ಮುಚ್ಚಿ. ದಾರದಿಂದ ಕಾಲು ಮುಟ್ಟುತ್ತೀನಿ. ಮುಟ್ಟಿದಾಗ ಹೂಂ ಅನ್ನಿ" ಎಂದರು. ಬಲಗಾಲಿಗೆ ಮೂರು ನಾಲ್ಕು ಸಲ ಹೂಂ ಎಂದೆ. ಆಮೇಲೆ ಎಡಗಾಲು. ಕಣ್ಣು ಮುಚ್ಚಿ ಕಾದೆ. ಇನ್ನೂ ಯಾಕೆ ಶುರು ಮಾಡಲಿಲ್ಲ ಎಂದು ಯೋಚಿಸುತ್ತಿರುವಾಗಲೇ, "ಆಯ್ತು, ಕಣ್ಣು ಬಿಡಿ" ಎಂದರು. ಅವರು ಮುಗಿಸಿದ್ದರು.

ಆಗ ನನಗೆ ಸಾಬರ ಮಾತು ನೆನಪಾಯಿತು. ಇದೇ ಜೋಡಿ, ಇದೇ ನಂಬರು. ಆ ಒಂದು ವರ್ಷದಲ್ಲಿ ಬದಲಾದದ್ದು ಚರ್ಮವೇ ಹೌದು, ಬೂಟಿನದಲ್ಲ. ಅಳು ಬಂತು. ಮೊದಲ ಚಳಿಗಾಲ ಬೈದು ಅಟ್ಟಕ್ಕೆ ಎಸೆದ ಬೂಟಿಗೆ ಉರಿದಿತ್ತಲ್ಲ ನನ್ನ ಕಿರುಬೆರಳು, ಆ ಉರಿಗಾಗಿ ಅತ್ತೆ.

ಗಾಯ ಮಾಯಲು ಮೂರು ತಿಂಗಳಾಯಿತು. ಕಾಲು ಉಳಿಯಿತು. ಮಾಯುವವರೆಗೂ ಆಮೇಲೂ ಕಚೇರಿಯಲ್ಲಿ ಕಡತ ನೋಡಿದೆ, ಆಕಳಿಸಿದೆ. ದಿನಾ ಸಂಜೆ ನಮ್ಮ ಮನೆಯವರು ಓದುವ ಕನ್ನಡಕ ಹಾಕಿಕೊಂಡು ಟಾರ್ಚು ಹಿಡಿದು ನನ್ನ ಅಂಗಾಲು ನೋಡುತ್ತಾರೆ. ಮೊದಮೊದಲು ನಾಚಿಕೆಯಾಗುತ್ತಿತ್ತು. ಈಗ ಅವರು ಪೇಪರು ಓದುವಷ್ಟೇ ಸಾವಕಾಶವಾಗಿ ಓದುತ್ತಾರೆ. ಈ ವರ್ಷ ಚಳಿ ಶುರುವಾಗುತ್ತಲೇ ಡಾಕ್ಟರು ಮತ್ತೆ ಹಟ್ಟಿಗಳಿಗೆ ಹೋಗಲು ಒಪ್ಪಿದರು. ಆದರೆ ಬೂಟನ್ನು ಕಾಲಿನ ಮಾತು ಕೇಳಿ ಕೊಳ್ಳಬಾರದು, ರಟ್ಟಿನ ಮೇಲೆ ಪಾದದ ಅಚ್ಚು ಬರೆದುಕೊಂಡು ಹೋಗಬೇಕು, ರಟ್ಟು ಒಳಗೆ ಮಡಿಚಿಕೊಂಡರೆ ಆ ಬೂಟು ಬೇಡ. ದಿನಾ ಹಾಕುವ ಮೊದಲು ಕೈಯಿಟ್ಟು ಒಳಗೆ ತಡವಿ ನೋಡಬೇಕು. ನಮ್ಮವರು ಮಂಡಿಯೂರಿ ಪೆನ್ಸಿಲಿನಿಂದ ಅಚ್ಚು ಬರೆದರು. ಬಲಗಾಲಿಗೆ ಸ್ವಲ್ಪ ಕಚಗುಳಿಯಾಯಿತು.

ಹೋದ ವಾರ ರಟ್ಟು ಹಿಡಿದು ಸಾಬರ ಅಂಗಡಿಗೆ ಹೋದೆ. ಮುಳ್ಳಿನ ಕತೆ ಹೇಳಿದೆ. ಉಳಿದದ್ದನ್ನು ಹೇಳಲಿಲ್ಲ. ನಮ್ಮ ಓಣಿಯ ಜಗಲಿಯವರನ್ನು ನೋಡುವಂತೆ ನನ್ನನ್ನು ಯಾರೂ ನೋಡುವುದು ಬೇಡವಾಗಿತ್ತು. ಸಾಬರು ಒಂದು ಕಪ್ಪು ಬೂಟಿನೊಳಗೆ ರಟ್ಟು ಇಳಿಸಿದರು. ಅಂಚು ಒಂದಿಷ್ಟು ಮಡಿಚಿಕೊಂಡಂತಿತ್ತು, ಇಲ್ಲದಂತೆಯೂ ಇತ್ತು. "ಒಂದ್ಸಲ ಹಾಕಿ ನೋಡೇ ಬಿಡ್ರಿ" ಎಂದರು. ಹಾಕಿದೆ. ಅವರು ಬಗ್ಗಿ, ವರ್ಷಗಳ ಅಭ್ಯಾಸದಂತೆ, ಎಡಗಾಲಿನ ಕಿರುಬೆರಳಿನ ಜಾಗಕ್ಕೆ ಹೆಬ್ಬೆರಳು ಇಟ್ಟು ಒತ್ತಿದರು. ಚರ್ಮ ತಗ್ಗಿದ್ದು ಕಣ್ಣಿಗೆ ಕಂಡಿತು.

"ಎಲ್ಲಾದ್ರೂ ಒತ್ತುತ್ತಾ ಮೇಡಂ?"

ನಾನು ಕಾದೆ. ಬಂದೀತೇನೋ ಎಂದು ನಿಜವಾಗಿಯೂ ಕಾದೆ.

"ಹೂಂ, ಒತ್ತುತ್ತೆ" ಎಂದೆ.

"ಎಲ್ಲಿ?"

"ಇಲ್ಲೇ, ಕಿರುಬೆರಳು."

ಸಾಬರು ನಂಬಿದರು. "ನೋಡಿ, ಈ ಸಲ ಸರಿಯಾಗಿ ಹೇಳಿದ್ರಿ" ಎಂದು ಖುಷಿಯಾಗಿ, ಒಂದು ನಂಬರು ದೊಡ್ಡದನ್ನು ತೆಗೆಯಲು ಏಣಿ ಹತ್ತಿದರು.