ಟೇಪ್ ಸುತ್ತಿದ ತಂತಿ

ಟೀವಿಗೆ ಬೆನ್ನು ದಪ್ಪಗಿದ್ದ ಕಾಲ ಅದು. ಮನೆಗೊಂದೇ ಟೀವಿ, ಬೀದಿಗೊಬ್ಬರೇ ರಿಪೇರಿಯವರು. ಈಗಿನ ಮಕ್ಕಳ ಹಾಗೆ ಹೊದಿಕೆಯೊಳಗೆ ಅಂಗೈಯಗಲದ ಬೆಳಕು ಹಿಡಿದು ಮಲಗುವಂತಿರಲಿಲ್ಲ. ಕದ್ದು ನೋಡಬೇಕೆಂದರೂ ಹಾಲಿಗೇ ಬರಬೇಕಿತ್ತು.

ಆ ರಿಪೇರಿಯವರನ್ನು ಎಲ್ಲರೂ ಟೀವಿ ಡಾಕ್ಟ್ರು ಎನ್ನುತ್ತಿದ್ದರು. ಮಹಡಿ ಮೆಟ್ಟಿಲ ಕೆಳಗೆ ತಲೆ ತಗ್ಗಿಸಿ ಹೋಗಬೇಕಾದ ಅಂಗಡಿ. ಒಳಗೆ ಬೆಸುಗೆಯ ಹೊಗೆ, ಗೋಡೆಗೊರಗಿದ ಪಿಕ್ಚರ್ ಟ್ಯೂಬುಗಳು, ಸ್ಕ್ರೂ ಹಾಕಿಟ್ಟ ಡಬ್ಬಿ ಮುಚ್ಚಳಗಳು. ಇಲ್ಲದ ಕಾಯಿಲೆ ಹೇಳಿದವರಲ್ಲ ಅವರು. "ಏನೂ ಆಗಿಲ್ಲಮ್ಮ, ಪ್ಲಗ್ ಸಡಿಲ ಆಗಿದೆ ಅಷ್ಟೇ" ಎಂದು ಬಾಗಿಲಲ್ಲೇ ವಾಪಸು ಕಳಿಸಿಬಿಡುತ್ತಿದ್ದರು. "ನಾನು ಸುಳ್ಳು ಹೇಳಿದ್ರೆ ಗಿರಾಕಿಗೆ ಗೊತ್ತಾಗಲ್ಲ. ಅದಕ್ಕೇ ಹೇಳ್ಬಾರ್ದು" ಎಂದು ಪಕ್ಕದಲ್ಲಿ ಕೂತು ಕೆಲಸ ನೋಡುತ್ತಿದ್ದ ಮಗಳಿಗೆ ಹೇಳುತ್ತಿದ್ದರು.

ಒಂದು ದಿನ ದರ್ಜಿಯ ಹೆಂಡತಿ ಆಟೋದಲ್ಲಿ ಟೀವಿ ತಂದಿಳಿಸಿದರು.

"ಏನಾಗಿದೆ ತಾಯಿ?"

"ಏನೂ ಆಗಿಲ್ಲ. ಅದೇ ತೊಂದ್ರೆ! ಪರೀಕ್ಷೆ ಮುಗಿಯೋವರೆಗೂ ಇಟ್ಕೊಳ್ಳಿ. ನನ್ನ ಮಗ ಕೇಳಿದ್ರೆ ಪಾರ್ಟ್ ಬಂದಿಲ್ಲ ಅನ್ನಿ."

"ಗಟ್ಟಿಮುಟ್ಟಾಗಿರೋದನ್ನ ಅಡ್ಮಿಟ್ ಮಾಡ್ಕೊಳ್ಳೋದಾ?"

"ನೀವು ಡಾಕ್ಟ್ರು ತಾನೇ? ಮಧ್ಯರಾತ್ರಿವರೆಗೂ ಕಣ್ಣು ಪಿಳಿಪಿಳಿ ಬಿಟ್ಕೊಂಡು ಕೂತಿರ್ತಾನೆ, ಕ್ಲಾಸಲ್ಲಿ ಗೊರಕೆ ಹೊಡೀತಾನಂತೆ. ಹೇಳಿ ಹೇಳಿ ಸಾಕಾಯ್ತು ಅಣ್ಣಾ."

ಆಕೆಯ ದನಿ ಒಡೆದದ್ದು ಕೇಳಿ ಡಾಕ್ಟ್ರು ಕರಗಿದರು. ಸುದ್ದಿ ಹಬ್ಬಿತು. ವಾರದೊಳಗೆ ಏಳು ಆರೋಗ್ಯವಂತ ಟೀವಿಗಳು ಅಂಗಡಿಯಲ್ಲಿ ಬಟ್ಟೆ ಹೊದ್ದು ಕೂತವು.

ಡಾಕ್ಟ್ರ ಮಗಳಿಗೂ ಅದೇ ಪರೀಕ್ಷೆ. ಓದಲಿಕ್ಕಿದೆಯೆಂದು ಅಂಗಡಿಗೆ ಬರುವುದನ್ನು ಬಿಟ್ಟಿದ್ದಳು; ಆದರೆ ಎಲ್ಲರೂ ಮಲಗಿದ ಮೇಲೆ ದನಿ ಪೂರ್ತಿ ಇಳಿಸಿ, ತುಟಿ ಆಡುವುದನ್ನು ನೋಡಿಯೇ ಧಾರಾವಾಹಿಯ ಕತೆ ಹಿಡಿಯುತ್ತಿದ್ದಳು. ಬೆಳಿಗ್ಗೆ ಕಣ್ಣು ಕೆಂಡ.

"ಬೀದಿಗೆಲ್ಲಾ ಔಷಧಿ ಕೊಡ್ತೀರಿ, ಮನೇಲಿರೋ ಪೇಶಂಟ್ ಕಾಣಲ್ವಾ?" ಎಂದು ಹೆಂಡತಿ ಚುಚ್ಚಿದರು.

ಮಗಳು ಶಾಲೆಗೆ ಹೋದ ಹೊತ್ತು ನೋಡಿ ಅವರು ಮನೆಯ ಟೀವಿಯ ಹಿಂಬದಿ ತೆಗೆದು ಒಂದು ತಂತಿ ಬಿಚ್ಚಿದರು. ಸಂಜೆ, "ಪಾರ್ಟ್ ಹೋಗಿದೆ ಮಗಳೇ, ಬರೋದು ತಡ" ಎಂದರು.

"ಯಾವ ಪಾರ್ಟು?"

ಡಾಕ್ಟ್ರು ಬಾಯೊಳಗೇ ಏನೋ ಗೊಣಗಿ ಚಪ್ಪಲಿ ಮೆಟ್ಟಿದರು.

ಭಾನುವಾರ ಮಧ್ಯಾಹ್ನ ಅವರು ಮನೆಗೆ ಬಂದಾಗ ಟೀವಿಯ ಹಿಂಬದಿ ನೆಲದ ಮೇಲಿತ್ತು. ಪ್ಲಗ್ ತೆಗೆದಿಟ್ಟಿತ್ತು. ಸ್ಕ್ರೂಗಳೆಲ್ಲ ಮುಚ್ಚಳವೊಂದರಲ್ಲಿ ಒಟ್ಟಾಗಿದ್ದವು. ಎಲ್ಲ ಅವರೇ ಕಲಿಸಿದ ಕ್ರಮ.

"ಅಪ್ಪಾ, ತಂತಿ ತಾನಾಗೇ ಬಿಚ್ಕೊಂಡು, ತಾನಾಗೇ ಟೇಪ್ ಸುತ್ಕೊಳ್ಳುತ್ತಾ?"

ಕೆಡಿಸುವಾಗಲೂ ತಂತಿಯ ತುದಿಯನ್ನು ಹಾಗೇ ಬಿಡಲು ಅವರಿಗೆ ಕೈ ಬಂದಿರಲಿಲ್ಲ. ಅಚ್ಚುಕಟ್ಟಾಗಿ ಮೂರು ಸುತ್ತು, ಆಮೇಲೆ ಬಿಡಿಸಲು ಸುಲಭವಾಗಲೆಂದು ಟೇಪಿನ ಕೊನೆಯಲ್ಲೊಂದು ಪುಟ್ಟ ಮಡಿಕೆ. ಇಡೀ ಬೀದಿಯಲ್ಲಿ ಹಾಗೆ ಸುತ್ತುವವರು ಅವರೊಬ್ಬರೇ.

"ಯಾರಿಗಾದ್ರೂ ಶಾಕ್ ಹೊಡೀಬಾರ್ದಲ್ಲಾ..." ಎಂದರು ಡಾಕ್ಟ್ರು ಪೆಚ್ಚಾಗಿ.

"ನೋಡ್ಬೇಡ ಅಂದಿದ್ರೆ ಜಗಳ ಆಡ್ತಿದ್ದೆ. ಇನ್ಮೇಲೆ ನೀನು ಏನು ಕೆಟ್ಟಿದೆ ಅಂದ್ರೂ ನಾನು ಹೇಗಪ್ಪಾ ನಂಬ್ಲಿ?"

ಸರಿಮಾಡಲು ಅವಳಿಗೆ ಎರಡು ನಿಮಿಷ ಸಾಕಿತ್ತು. ಮುಟ್ಟದೆ ಒಳಗೆ ಹೋದಳು. ಮೂರು ದಿನ ಅಪ್ಪ ಏನು ಕೇಳಿದರೂ "ಹೂಂ" ಬಿಟ್ಟರೆ ಬೇರೆ ಮಾತಿಲ್ಲ. ಅಂಗಡಿಯಲ್ಲಿ ಡಾಕ್ಟ್ರ ಬೆಸುಗೆ ಎರಡೆರಡು ಸಲ ತಪ್ಪಿತು.

ನಾಲ್ಕನೆಯ ದಿನ ಏಳೂ ಟೀವಿಗಳನ್ನು ಗಾಡಿಗೇರಿಸಿ ಮನೆಮನೆಗೆ ಹೊರಟರು. ಅಮ್ಮಂದಿರಿಗಲ್ಲ, ಮಕ್ಕಳಿಗೇ ಹೇಳಿದರು: "ಇದಕ್ಕೇನೂ ಆಗಿರ್ಲಿಲ್ಲಪ್ಪ. ನಾನು ಸುಳ್ಳು ಹೇಳಿದ್ದೆ."

"ನನ್ನ ಮರ್ಯಾದೆ ತೆಗೆದ್ರಲ್ಲಾ!" ದರ್ಜಿಯ ಹೆಂಡತಿ ಬಾಗಿಲಲ್ಲೇ ಹಾರಾಡಿದರು.

"ನಿಮ್ಮ ಮಗ ನನ್ನನ್ನ ನಂಬಿದ್ದ ತಾಯಿ. ಆಫ್ ಮಾಡು ಅಂತ ನೀವೇ ಹೇಳ್ಬೇಕು. ಕಷ್ಟಾನೇ. ಆದ್ರೂ ಹೇಳಿ."

ಮನೆಗೆ ಬಂದವರೇ ಮಗಳ ಎದುರಿಗೇ ತಂತಿ ಜೋಡಿಸಿದರು.

"ಒಂಬತ್ತೂವರೆಗೆ ಆಫ್."

"ಹತ್ತು."

"ಒಂಬತ್ತೂವರೆ."

"ಎಲ್ಲರಿಗೂನಾ?"

ಡಾಕ್ಟ್ರು ಗಡಿಯಾರದ ಕಡೆ ನೋಡಿದರು. ಒಂಬತ್ತಕ್ಕೆ ಶುರುವಾಗುವ ಹಳೆಯ ಸಿನಿಮಾ ಅವರ ದಿನದ ಏಕೈಕ ಸುಖ. ಅಡುಗೆಮನೆಯಿಂದ ಹೆಂಡತಿ ಕಿಸಕ್ಕನೆ ನಕ್ಕರು.

"ಎಲ್ಲರಿಗೂ" ಎಂದರು ಡಾಕ್ಟ್ರು.

ಆ ರಾತ್ರಿ ಒಂಬತ್ತೂವರೆಗೆ ಸರಿಯಾಗಿ ನಾಯಕ ಬಂಡೆಯಂಚಿಗೆ ನೇತಾಡುತ್ತಿದ್ದಾಗ ಮಗಳೇ ಎದ್ದು, ಅಪ್ಪನ ಮುಖ ನೋಡಿ, "ಅಪ್ಪಾ, ಆಫ್ ಮಾಡ್ಲಾ?" ಎಂದಳು. ನಾಲ್ಕು ದಿನದ ಮೇಲೆ ಅವಳ ಬಾಯಲ್ಲಿ 'ಅಪ್ಪಾ'.

"ಮಾಡಮ್ಮ" ಎಂದರು.

ಮುಂದೆ ಎಷ್ಟೋ ವರ್ಷ ಅವರು ಸಿನಿಮಾಗಳನ್ನು ನೋಡಿದ್ದು ಮೊದಲ ಅರ್ಧ ಗಂಟೆ ಮಾತ್ರ. ಉಳಿದದ್ದನ್ನು ಬೆಳಿಗ್ಗೆ ಸೈಕಲ್ ಅಂಗಡಿಯವನು ಪಂಪು ಬೀಸಿ ಬೀಸಿ ಅಭಿನಯಿಸಿ ತೋರಿಸುತ್ತಿದ್ದ, ಅದೂ ಯಾವಾಗಲೂ ಯಾವುದೋ ಬೇರೆ ಸಿನಿಮಾದ ಕೊನೆ ಸೇರಿಸಿ.