ಬಾವಿ ಶಿವಯೋಗೆಪ್ಪ ಸಮುದ್ರಕ್ಕಿಳಿದದ್ದು

ನೀರು ತುಂಬಿದ ಟಬ್ಬಿನಲ್ಲಿ ಮುಖ ಅದ್ದಿ ಅರುಣಕುಮಾರ ಹದಿನೆಂಟರವರೆಗೆ ಎಣಿಸಿದ್ದ. ಹತ್ತೊಂಬತ್ತಕ್ಕೆ ಯಾರೋ ಹಿಂದಿನಿಂದ ಅವನ ಬನಿಯನ್ನಿಗೆ ಕೈ ಹಾಕಿ, ಮೊಂಡ ಎಮ್ಮೆಗರುವನ್ನು ಎಳೆದಂತೆ ಎಳೆದು ಅಂಗಳದಲ್ಲಿ ಅಂಗಾತ ಕೆಡವಿದರು.

ಎಳೆದವಳು ಪಕ್ಕದ ಮನೆಯ ಕಾಳವ್ವ. ಹೆಪ್ಪಿಗೆ ಮೊಸರು ಕೇಳಲು ಬಂದವಳಿಗೆ ಕಂಡದ್ದು, ಐವತ್ತು ದಾಟಿದ ಗಂಡಸೊಬ್ಬ ನೀರಿನಲ್ಲಿ ಮುಖವಿಟ್ಟು ಅಲುಗಾಡದೆ ಇರುವುದು. ಬಿಪಿ ಏರಿ ಬಿದ್ದಿರಬೇಕೆಂದು ಜೀವ ಉಳಿಸಲು ನುಗ್ಗಿದ್ದಳು. ತಿರುಗಿದ ಮುಖದ ಮೇಲೆ ಅಂಗೈಯಗಲದ ಗಾಜು, ಬಾಯಲ್ಲಿ ಕಚ್ಚಿದ ಹಳದಿ ಕೊಳವೆ ಕಂಡಾಗ ಮೊಸರಿನ ಬಟ್ಟಲನ್ನು ಅಲ್ಲೇ ಬಿಟ್ಟು ಓಡಿದಳು. ಸಂಜೆಯೊಳಗೆ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಗೆಲ್ಲ ಸುದ್ದಿ ಮುಟ್ಟಿತು: ಗುಮಾಸ್ತ ಅರುಣಕುಮಾರ ಟಬ್ಬಿನಲ್ಲಿ ಮುಳುಗಿದ್ದ, ಕಾಳವ್ವ ತೆಗೆದಳು. ಯೋಗಕ್ಷೇಮ ಕೇಳಲು ಬಂದವರೆಲ್ಲ ಮೊದಲು ಟಬ್ಬು ಎಷ್ಟು ಆಳವಿದೆಯೆಂದು ಇಣುಕಿ ನೋಡಿ, ಆಮೇಲೆ ಅವನ ಮುಖ ನೋಡುತ್ತಿದ್ದರು.

ಮುಳುಗುವುದು ಅವನ ಉದ್ದೇಶವಾಗಿರಲಿಲ್ಲ, ತೇಲುವುದಾಗಿತ್ತು. ಕಚೇರಿ ಕೊಡುವ ಪ್ರವಾಸದ ಸವಲತ್ತು ಎಲ್‌ಟಿಸಿ ಹಾಕಿ ಮನೆಯವರು ಅಂಡಮಾನಿಗೆ ಹೊರಟಿದ್ದರು. ಅಲ್ಲಿ ಎದೆಮಟ್ಟದ ನೀರಿನಲ್ಲೇ ಹವಳದ ದಿಬ್ಬಗಳಿವೆ, ಗಾಜಿನ ಮುಖವಾಡ ಕಟ್ಟಿಕೊಂಡು ಕೊಳವೆಯಲ್ಲಿ ಉಸಿರಾಡುತ್ತ ಬೋರಲು ತೇಲಿದರೆ ಎಲ್ಲ ಕಾಣುತ್ತದೆ, ಈಜು ಬಾರದವರಿಗೆ ಲೈಫ್ ಜಾಕೆಟ್ ಕೊಡುತ್ತಾರೆ ಎಂದು ಕಚೇರಿಯಲ್ಲಿ ಹೋಗಿಬಂದವರು ಹೇಳಿದ್ದರು. ಅರುಣಕುಮಾರನಿಗೆ ಈಜು ಬರುತ್ತಿರಲಿಲ್ಲ. ವಿಜಯಪುರದಲ್ಲಿ ಹುಟ್ಟಿ, ನಳಕ್ಕೆ ನೀರು ಬರುವ ದಿನ ಕಾಯುತ್ತ ಬೆಳೆದವನಿಗೆ ನೀರು ಸಾಲದೆ ಹೋದೀತೆಂಬ ಹೆದರಿಕೆ ಗೊತ್ತಿತ್ತು, ಹೆಚ್ಚಾದೀತೆಂಬುದು ಹೊಸದು. ಆದರೂ ಒಪ್ಪಿದ್ದು ಹೆಂಡತಿ ಅನುರಾಧಾಳ ಸಲುವಾಗಿ. ಅವಳು ಹಟ ಹಿಡಿದದ್ದು ತನ್ನ ಅಪ್ಪನ ಸಲುವಾಗಿ.

ಅಪ್ಪ ಎಂದರೆ ತಿಕೋಟಾದ ಶಿವಯೋಗೆಪ್ಪನವರು. ಅರವತ್ತೇಳು ವಯಸ್ಸು, ಹುರಿಹಗ್ಗದಂಥ ಮೈ. ಬಾವಿ ಶಿವಯೋಗೆಪ್ಪ ಎಂದರೆ ಕನಮಡಿಯಿಂದ ಬಬಲೇಶ್ವರದವರೆಗೆ ಗೊತ್ತು. ಬಾವಿಗೆ ಮೋಟಾರು ಜಾರಿ ಬಿದ್ದರೆ, ಪಂಪಿನ ಪೈಪಿನ ತುದಿಯ ಫುಟ್‌ವಾಲಿಗೆ ಕಸ ಕಟ್ಟಿದರೆ, ಲಗ್ನದ ಮನೆಯ ತಾಮ್ರದ ಕೊಡ ಮುಳುಗಿದರೆ, ಕರೆಯಲು ಬೈಕು ಅವರ ಬಾಗಿಲಿಗೆ ಬರುತ್ತಿತ್ತು. ಸೊಂಟಕ್ಕೆ ಹಗ್ಗ ಕಟ್ಟಿ, ಕಾಲು ಕೆಳಗಾಗಿ ಜಿಗಿದು, ಕಣ್ಣು ಮುಚ್ಚಿಕೊಂಡೇ ಇಳಿಯುತ್ತಿದ್ದರು. ಎರಡಾಳು ನೀರಿನ ಕೆಳಗೆ ಹೇಗೂ ಕತ್ತಲೆ. ನೋಡುವ ಕೆಲಸವೆಲ್ಲ ಕೈಯದು. ನಲವತ್ತು ವರ್ಷ ತಳ ಮುಟ್ಟಿದ್ದಾರೆ, ಒಂದು ತಳವನ್ನೂ ಕಂಡಿಲ್ಲ. ಬರಿಗೈಯಲ್ಲಿ ಮೇಲೆ ಬಂದದ್ದೂ ಇಲ್ಲ. ಮನುಷ್ಯರು ಬಿದ್ದಾಗಲೂ ಇವರನ್ನೇ ಕರೆಯುತ್ತಿದ್ದರು. ಅದಕ್ಕೆ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಬೋರಲಿದ್ದವರನ್ನು ತಿರುವಿ, ಮುಖ ಒರೆಸಿ, ದಂಡೆಗೆ ಮುಟ್ಟಿಸಿ ಮಾತಿಲ್ಲದೆ ಮನೆಗೆ ಬರುತ್ತಿದ್ದರು.

ಮೂರು ವರ್ಷದ ಹಿಂದೆ ಸಾರವಾಡದ ಕಡೆಯಿಂದ ಕರೆ ಬಂತು. ಪಾಚಿಗಟ್ಟಿದ ಮೆಟ್ಟಿಲಲ್ಲಿ ಕಾಲು ಜಾರಿ ಬಾವಿಗೆ ಬಿದ್ದವನು ತುಕಾರಾಮ; ಇಪ್ಪತ್ತು ವರ್ಷ ದಂಡೆಯ ಮೇಲೆ ನಿಂತು ಶಿವಯೋಗೆಪ್ಪನವರ ಹಗ್ಗ ಹಿಡಿದವನು. ಅವತ್ತು ಹಗ್ಗ ಬೇರೆ ಯಾರೋ ಹಿಡಿದರು. ಗೆಳೆಯನನ್ನು ತಿರುವಿ ಮೇಲೆ ತಂದ ಶಿವಯೋಗೆಪ್ಪನವರು ಮತ್ತೆ ನೀರಿಗಿಳಿಯಲಿಲ್ಲ. ಕೆನಾಲಿನ ನೀರು ಬಂದು ಬಾವಿಗಳು ತುಂಬಿ, ಕರೆಯುವವರು ಹೆಚ್ಚಾದಾಗ ಇವರು ಬಾಗಿಲಲ್ಲೇ ಒಲ್ಲೆನೆಂದು ಕಳಿಸತೊಡಗಿದರು. ವಯಸ್ಸಾಯಿತೆಂದು ಊರು ತಿಳಿಯಿತು. ಬಸ್ಸಿನ ಕಿಟಕಿಯಲ್ಲಿ ತುಂಬಿದ ಕೆರೆ ಕಂಡರೆ ಅಪ್ಪ ಆಚೆ ಹೊರಳಿ ಕೂಡುವುದು, ಉಣ್ಣುತ್ತ ಉಣ್ಣುತ್ತ ಅಂಗೈ ಬಿಚ್ಚಿ ನೋಡಿಕೊಳ್ಳುವುದು ಮಗಳಿಗಷ್ಟೇ ಗೊತ್ತಿತ್ತು.

"ಹುಡುಕೂದೇನೂ ಇಲ್ಲದ ನೀರಿನ್ಯಾಗ ಅಪ್ಪ ಒಮ್ಮೆ ಇಳೀಲಿ. ನನಗ ಅಷ್ಟ ಸಾಕು," ಎಂದಿದ್ದಳು ಅನುರಾಧಾ. "ಮೊದಲ ನೀವು ಇಳೀರಿ. ನಿಮ್ಮನ್ನ ನೋಡಿ ಅಪ್ಪಗ ಧೈರ್ಯ ಬರತೈತಿ."

ತನ್ನನ್ನು ನೋಡಿ ಯಾರಿಗಾದರೂ ಧೈರ್ಯ ಬಂದ ಪ್ರಸಂಗ ಅರುಣಕುಮಾರನಿಗೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಸಮುದ್ರದ ಮುಳ್ಳುಗಳು, ಮುಟ್ಟಿದರೆ ಉರಿಯುವ ಲೋಳೆಮೀನುಗಳು, ನೀರಿನ ನಡುವೆ ಕಾಲು ಸೆಟೆದುಕೊಂಡವರು, ಎಲ್ಲದರ ಬಗ್ಗೆಯೂ ಮೊಬೈಲಿನಲ್ಲಿ ಓದಿದ. ಓದಿದ್ದನ್ನು ಹೆಂಡತಿಗೆ ಹೇಳದೆ ಟಬ್ಬಿಗೆ ಮುಖ ಕೊಟ್ಟ. ವಿಮಾನದಲ್ಲಿ ಸೀಟಿನ ಕೆಳಗೆ ಲೈಫ್ ಜಾಕೆಟ್ ಇದೆಯೋ ಇಲ್ಲವೋ ಎಂದು ಎರಡು ಸಲ ಬಗ್ಗಿ ತಡಕಿದ. ಪಕ್ಕದಲ್ಲಿ ಮಾವ ಗೊರಕೆ ಹೊಡೆಯುತ್ತಿದ್ದರು.

ಮೂರನೆಯ ದಿನ ಬೆಳಗ್ಗೆ ದೋಣಿ ಮರಳುತಳದ ಎದೆಮಟ್ಟದ ನೀರಿನಲ್ಲಿ ನಿಂತಿತು. ಹತ್ತು ಮಾರು ಆಚೆ ನೀರಿನ ಬಣ್ಣ ಬದಲಾಗಿತ್ತು, ಅಲ್ಲಿಂದ ಹವಳ. ಕಲಿಸುವವನು ಶಕೀಲ ಎಂಬ ತರುಣ, ಹಿಂದಿಯಲ್ಲಿ ಹೇಳಿದ: ಕೊಳವೆ ಹಲ್ಲಿನಲ್ಲಿ ಕಚ್ಚಿ ಬಾಯಿಂದ ಉಸಿರಾಡಬೇಕು, ಕೈಕಾಲು ಸಡಿಲ ಬಿಡಬೇಕು. ಹವಳ ಕಲ್ಲಲ್ಲ, ಅದಕ್ಕೆ ಜೀವ ಇದೆ. ಮುಟ್ಟಬಾರದು, ಮೇಲೆ ನಿಲ್ಲಬಾರದು, ತಳದಿಂದ ಏನನ್ನೂ ಎತ್ತಬಾರದು. ಕೊನೆಯ ಮಾತಿಗೆ ಮಾವ ಹುಬ್ಬೇರಿಸಿದರು. ಆಮೇಲೆ ಅಳಿಯನ ಕಡೆ ಬಾಗಿ ತಣ್ಣಗೆ ಅಂದರು:

"ಅಳಿಯಂದ್ರ, ಬೋರಲ ತೇಲೂದು ನಾ ಭಾಳ ನೋಡೇನ್ರಿ. ನೀವು ಹೋಗಿಬರ್ರಿ. ನಾ ಇಲ್ಲೇ ಕುಂದರತೇನಿ."

ಅನುರಾಧಾ ಗಂಡನ ಮುಖ ನೋಡಿದಳು, ಅಷ್ಟೇ. ಅರುಣಕುಮಾರ ಕಣ್ಣು ಮುಚ್ಚಿ ದೋಣಿಯ ಮೆಟ್ಟಿಲಿಳಿದ.

ಮೊದಲ ಸಲ ಕೊಳವೆಯಲ್ಲಿ ಉಪ್ಪುನೀರು ನುಗ್ಗಿ, ಕೆಮ್ಮಿ ಕೆಮ್ಮಿ ಶಕೀಲನ ಕೊರಳಿಗೇ ಜೋತುಬಿದ್ದ. ಎರಡನೆಯ ಸಲ ಮುಖವಾಡದೊಳಗೆ ತನ್ನ ಮೀಸೆಯ ಸಂದಿಯಿಂದಲೇ ನೀರು ಸೋರುತ್ತಿದೆಯೆಂದು ತಿಳಿದು, ಮೂವತ್ತು ವರ್ಷದ ಮೀಸೆಯನ್ನು ಮನಸ್ಸಿನಲ್ಲೇ ಬೈದ. ಮೂರನೆಯ ಸಲ ಶಕೀಲ ಜಾಕೆಟ್ಟಿನ ಪಟ್ಟಿ ಹಿಡಿದು ಹವಳದವರೆಗೆ ಎಳೆದುಕೊಂಡು ಹೋಗಿ ಬಿಟ್ಟ.

ಕೆಳಗೆ, ಕೈಗೆ ಸಿಗುವಷ್ಟು ಹತ್ತಿರ, ಒಂದು ಊರೇ ಇತ್ತು. ಎಲೆಯುದುರಿದ ಜಾಲಿಪೊದೆಗಳಂತೆ ಕವಲೊಡೆದ ಹವಳ, ಹೂಕೋಸಿನಂತೆ ಉಬ್ಬಿದ ಹವಳ. ಅದರ ಸಂದಿಯಿಂದ ಹೊರಬಂದ ನೀಲಿ ಮೀನುಗಳು ಇವನ ಹೊಟ್ಟೆಯ ನೆರಳಿನಲ್ಲಿ ಹಾದು ತಮ್ಮ ಕೆಲಸಕ್ಕೆ ಹೋದವು. ಕಟುಂ ಕುಟುಂ ಎಂಬ ಸದ್ದು. ನೋಡಿದರೆ ಹಸಿರು ಮೀನೊಂದು ಬಂಡೆಯನ್ನು ಹುರಿಗಡಲೆಯಂತೆ ಕಡಿಯುತ್ತಿತ್ತು. ಅರುಣಕುಮಾರ ಎಣಿಸುವುದನ್ನು ಮರೆತ. ಕೈ ತಾವಾಗಿ ಅಗಲವಾದವು, ಕಾಲು ಸಡಿಲಾದವು. ಐವತ್ತೊಂದು ವರ್ಷದಲ್ಲಿ ಮೊದಲ ಸಲ ಅವನು ಯಾವುದಕ್ಕೂ ಹೆದರದೆ, ಅಲುಗಾಡದೆ ಇದ್ದ.

ಅಷ್ಟರಲ್ಲಿ ಯಾರೋ ಬಂದು ಅವನ ಕೊರಳಪಟ್ಟಿಗೆ ಕೈ ಹಾಕಿದರು. ಒಂದೇ ಹೊಡೆತಕ್ಕೆ ಅವನು ಅಂಗಾತ. ಬಾಯಿಂದ ಕೊಳವೆ ಹಾರಿತು, ಮುಖವಾಡ ಹಣೆಗೇರಿತು. ಒರಟು ಅಂಗೈಯೊಂದು ಮುಖವನ್ನು ಮೇಲಿಂದ ಕೆಳಗೆ ಒರೆಸಿತು. ಅವನು ಕಣ್ಣು ಬಿಟ್ಟ. ಮಾವ. ಜಾಕೆಟ್ಟಿಲ್ಲ, ಮುಖವಾಡವಿಲ್ಲ, ಧೋತರ ನೀರಿನ ಮೇಲೆ ಹರಡಿತ್ತು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದರು.

"ಮಾವಾರ, ನಾನ್ರಿ," ಎಂದ ಅರುಣಕುಮಾರ. "ಮೀನ ನೋಡಾಕತ್ತಿದ್ದೆ."

ಶಿವಯೋಗೆಪ್ಪನವರು ಕಣ್ಣು ತೆರೆದು ಅವನನ್ನು ನೋಡಿದರು. ಪಟ್ಟಿ ಹಿಡಿದ ಕೈ ಬಿಡಲಿಲ್ಲ.

"ನಾ ತಿರುವಿದವರೊಳಗ," ಎಂದರು ಮೆಲ್ಲಗೆ, "ಮಾತಾಡಿದವ್ರು ನೀವ ಮೊದಲನೇದವ್ರು."

ಜಾಕೆಟ್ಟಿಲ್ಲದೆ ಜಿಗಿದದ್ದಕ್ಕೆ ಬೈಯುತ್ತ ಬಂದ ಶಕೀಲ ಮುದುಕರ ಮುಖ ನೋಡಿ ಇಬ್ಬರನ್ನೂ ದೋಣಿಯ ಅಂಚಿಗೆ ತಂದ. ಶಿವಯೋಗೆಪ್ಪನವರು ಅಂಚು ಹಿಡಿದುಕೊಂಡು ತುಸು ಹೊತ್ತು ನಿಂತರು. ಮಗಳು ಕೈ ಚಾಚಿದರೂ ಮೇಲೆ ಹತ್ತಲಿಲ್ಲ. ಅಳಿಯನ ಹಣೆಯ ಮೇಲಿದ್ದ ಮುಖವಾಡವನ್ನು ತಾವೇ ಬಿಚ್ಚಿ ತಮ್ಮ ಮುಖಕ್ಕೆ ಕಟ್ಟಿಕೊಂಡರು. ಜಾಕೆಟ್ಟು ತೊಟ್ಟರು. ಕೊಳವೆಯನ್ನು ಮಾತ್ರ ತಿರುಗಿ ಕೊಟ್ಟುಬಿಟ್ಟರು. ನೀರಿನೊಳಗೆ ಉಸಿರಾಡುವ ರೂಢಿ ತಮಗಿಲ್ಲವೆಂದರು.

ಹವಳದ ಮೇಲೆ ಹೋಗಿ ಬೋರಲಾದರು. ಅರುಣಕುಮಾರ ದೋಣಿಯ ಹಗ್ಗ ಹಿಡಿದು ನಿಂತು ಎಣಿಸಿದ. ಮೂವತ್ತು. ನಲವತ್ತು. ಬಿಳಿಕೂದಲು ಅಲೆಗೆ ಏಳುತ್ತ ಇಳಿಯುತ್ತ ಇತ್ತು, ಬೇರೇನೂ ಅಲುಗಲಿಲ್ಲ. ಐವತ್ತಕ್ಕೆ ಅವನು ಹೆಜ್ಜೆ ಮುಂದಿಟ್ಟ. ಅನುರಾಧಾ ಸೆರಗಿನ ಚುಂಗು ಕಚ್ಚಿಕೊಂಡು, ತಡೀರಿ ಎಂದು ಕೈ ಮಾಡಿದಳು. ಅರವತ್ತು. ಮಾವನ ಬಲಗೈ ತಳದ ಕಡೆ ಚಾಚಿತು, ಬೆರಳು ಬಿಚ್ಚಿದವು, ಏನನ್ನೋ ತಡಕುವಂತೆ. ಶಕೀಲ ಬಾಯಿ ತೆರೆದ. ಅಷ್ಟರಲ್ಲಿ ಕೈ ತಾನೇ ಹಿಂದಕ್ಕೆ ಬಂತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಸಂಜೆ ಹೊಲ ನೋಡಲು ಹೋದ ಹಿರಿಯರಂತೆ, ಶಿವಯೋಗೆಪ್ಪನವರು ನೋಡುತ್ತ ತೇಲಿದರು. ಎಪ್ಪತ್ತೆರಡಕ್ಕೆ ತಲೆ ಎತ್ತಿ ಉಸಿರು ತೆಗೆದುಕೊಂಡು ಮತ್ತೆ ಬೋರಲಾದರು. ಹೀಗೆ ಅರ್ಧ ತಾಸು. ಆಮೇಲೆ ಶಕೀಲನೇ ಕೈಮುಗಿದು ಕರೆಯಬೇಕಾಯಿತು.

ಊರಿಗೆ ಬಂದ ಮರುವಾರ ಅರುಣಕುಮಾರ ತಿಕೋಟಾಕ್ಕೆ ಹೋದಾಗ ಮಾವ ಬಸ್‌ಸ್ಟ್ಯಾಂಡಿನ ಚಾದಂಗಡಿಯಲ್ಲಿದ್ದರು. ಎದುರಿಗೆ ಪಂಪು ರಿಪೇರಿಯ ಅಬ್ದುಲಗನಿ. ಇವರು ಬಾವಿಯಿಂದ ಎತ್ತಿದ ಮೋಟಾರುಗಳನ್ನೆಲ್ಲ ಬಿಚ್ಚಿ ಕಟ್ಟಿದವನು. ಸಮುದ್ರದ ಸುದ್ದಿಗೆ ಸುತ್ತಲಿನ ಬೆಂಚುಗಳೂ ಕಿವಿ ಕೊಟ್ಟಿದ್ದವು.

"ಏನಲೇ ಶಿವಯೋಗಿ, ಅಲ್ಲೀಮಟ ಹೋಗಿ ಬರಿಗೈಲೆ ಬಂದೀಯಂತಲ್ಲ," ಎಂದ ಅಬ್ದುಲಗನಿ. "ಏನಿತ್ತು ಸಮುದ್ರದ ತಳದಾಗ?"

ಶಿವಯೋಗೆಪ್ಪನವರು ಕಪ್ಪಿನಿಂದ ಬಸಿಗೆ ಚಾ ಸುರುವಿಕೊಂಡು, ಊದಿ, ಒಂದು ಗುಟುಕು ಕುಡಿದರು.

"ಎಲ್ಲಾ ಕಡೆ ನೋಡಿದೆ," ಎಂದರು. "ಯಾರದೂ ಒಂದ ಮೋಟಾರೂ ಬಿದ್ದಿಲ್ಲ."